ಕುದುರೆ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟೋದು ಅಲಂಕಾರಕ್ಕಾ?

ಬೆಂಗಳೂರಿನಲ್ಲಿ ಅಣ್ಣನ ಮಗಳ ಕುದುರೆ ಸವಾರಿ ಸ್ಪರ್ಧೆ ನೋಡಲು ಹೋದಾಗ, ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದ ಕುದುರೆಯ ಹಿಂದೆ ನಿಂತು ಫೋಟೊ ತೆಗೆದಿರಿ, ಯಾರೋ ಗದರಿದರು, ಯಾಕೆ ಅಂತ ಕೇಳಿದ್ದೀರಿ. ಗದರಿದ್ದು ಒಳ್ಳೆಯದೇ ಆಯಿತು. ಕೆಂಪು ರಿಬ್ಬನ್ ಅಂದರೆ ಆ ಕುದುರೆ ಒದೆಯುತ್ತದೆ ಅಂತ.

ನಮ್ಮ ಕಡೆಯವರಿಗೆ ಇದು ಹೊಳೆಯಲ್ಲ ಬಿಡಿ, ನಾನೂ ದಾವಣಗೆರೆಯವನೇ. ಹೊನ್ನಾಳಿ ಕಡೆ ಹೋರಿ ಹಬ್ಬದಲ್ಲಿ ಹೋರಿಗೆ ರಿಬ್ಬನ್, ಬಲೂನು, ಕೊಬ್ಬರಿ ಹಾರ ಕಟ್ಟುತ್ತಾರೆ. ಧೈರ್ಯ ಇದ್ದರೆ ಬಂದು ಕಿತ್ತುಕೋ ಅನ್ನೋದೇ ಅಲ್ಲಿನ ಆಟ. ಇಲ್ಲಿ ಉಲ್ಟಾ.

ಹಸಿರು ಕಟ್ಟಿದ್ದರೆ ಕುದುರೆ ಇನ್ನೂ ಹೊಸದು, ಬೆದರಬಹುದು. ಹಳದಿ ಸಾಮಾನ್ಯವಾಗಿ ಬೀಜದ ಗಂಡು ಕುದುರೆಗೆ. ಬಿಳಿ ಅಂದರೆ ಮಾರಾಟಕ್ಕಿದೆ ಅಂತ. ಕೆಂಪು ಬಿಟ್ಟು ಉಳಿದ ಬಣ್ಣಗಳ ಅರ್ಥ ಊರಿಂದೂರಿಗೆ ಬದಲಾಗುತ್ತದೆ, ಕೇಳಿಕೊಳ್ಳಿ.

ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ನಾನು ಸವಾರಿ ಕಲಿತೆ. ಮೊದಲ ಸ್ಪರ್ಧೆಯ ದಿನ, ಸ್ಪರ್ಧೆಗೆ ಮುಂಚೆ ಎಲ್ಲರೂ ಕುದುರೆಯ ಮೈ ಬಿಸಿ ಮಾಡಿಕೊಳ್ಳುವ ಅಂಕಣದಲ್ಲಿ ಎದುರಿಂದ ಒಬ್ಬರು ಬಂದರು. ನಾನು ಪಿ.ಬಿ. ರಸ್ತೆಯಲ್ಲಿ ಬೈಕ್ ಓಡಿಸಿದ ಅಭ್ಯಾಸಕ್ಕೆ ಎಡಕ್ಕೆ ಎಳೆದೆ. ಅಲ್ಲಿನ ನಿಯಮ ಎಡಗೈಗೆ ಎಡಗೈ, ಅಂದರೆ ಇಬ್ಬರ ಎಡಗೈಗಳೂ ಒಂದೇ ಪಕ್ಕ ಬರುವ ಹಾಗೆ ದಾಟಬೇಕು, ನಾನು ಬಲಕ್ಕೆ ಸರಿಯಬೇಕಿತ್ತು. ಡಿಕ್ಕಿ ತಪ್ಪಿಸಲು ಹೋಗಿ ಇನ್ನೊಂದು ಹೆಣ್ಣು ಕುದುರೆಯ ಹಿಂದೆ ತೀರಾ ಹತ್ತಿರ ಹೋಗಿಬಿಟ್ಟೆ. ಸಿಟ್ಟಿಗೆ ಅದರ ಎರಡೂ ಕಿವಿ ತಲೆಗೆ ಅಂಟಿದ ಹಾಗೆ ಹಿಂದಕ್ಕೆ ಮಲಗಿದವು. ಮರುಕ್ಷಣ ಠಣ್ ಅಂತ ಸದ್ದು. ಲಾಳ ಬಡಿದಿದ್ದು ನನ್ನ ರಿಕಾಪಿಗೆ, ಅಂದರೆ ಸವಾರ ಕಾಲಿಡುವ ಲೋಹದ ಬಳೆಗೆ. ನಾಲ್ಕು ಬೆರಳು ಮೇಲೆ ಬಿದ್ದಿದ್ದರೆ ಕಾಲಿನ ಮೂಳೆ ಹೋಗಿರೋದು. ರಿಬ್ಬನ್ ಇತ್ತು, ಆದರೆ ಬಿಸಿಲಿಗೆ ಬಣ್ಣ ಹೋಗಿ ತಿಳಿ ಗುಲಾಬಿ ಆಗಿತ್ತು. ತಪ್ಪು ನನ್ನದೇ, ಕ್ಷಮೆ ಕೇಳಿದೆ. ಆದರೂ ಹತ್ತು ರೂಪಾಯಿ ರಿಬ್ಬನ್ ಬದಲಿಸೋಕೆ ಏನು ಕಷ್ಟ ಅಲ್ವಾ?

ರಿಬ್ಬನ್ ಕಟ್ಟಿಬಿಟ್ಟೆ, ಇನ್ನು ಜವಾಬ್ದಾರಿ ನಿಮ್ಮದು ಅನ್ನೋ ಸವಾರರನ್ನು ಕಂಡರೆ ನನಗಾಗಲ್ಲ. ಅಂಥ ಕುದುರೆಯನ್ನು ಗುಂಪಿಂದ ದೂರ ಇಟ್ಟುಕೊಳ್ಳೋದು ಅವರ ಕೆಲಸ. ರಿಬ್ಬನ್ ಇಲ್ಲದ ಕುದುರೆಯೂ ಒದೆಯಬಹುದು. ಅದಕ್ಕೇ ಯಾವುದರ ಹಿಂದೆಯೂ ಕನಿಷ್ಠ ಒಂದು ಕುದುರೆಯಷ್ಟು, ಅಂದರೆ ಸುಮಾರು 8 ಅಡಿ ಜಾಗ ಬಿಡುತ್ತಾರೆ. ಕೆಂಪು ಕಂಡರೆ ಇನ್ನೂ ಜಾಸ್ತಿ. ಆ ಅಂಕಣದಲ್ಲಿ ಕುದುರೆ ನಡೆಸುವವರು ಒಳಗಡೆ, ಓಡಿಸುವವರು ಬೇಲಿಯ ಪಕ್ಕ. ಹಾರಿಸುವ ಮೊದಲು ಯಾವ ಅಡ್ಡಗಟ್ಟೆ ಅಂತ ಕೂಗಿ ಹೇಳಬೇಕು.

ನೀವು ನೋಡಲು ಹೋಗುವವರು, ಇಷ್ಟು ಸಾಕು: ಬಾಲದ ನೇರ ಹಿಂದೆ ಕುದುರೆಗೆ ಏನೂ ಕಾಣಲ್ಲ. ಭುಜದ ಪಕ್ಕದಿಂದ ಮಾತಾಡಿಸುತ್ತಾ ಬನ್ನಿ. ಫೋಟೊ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ. ಹಾಂ, ಸುಮ್ನೆ ಪ್ರೀತಿಗೆ ಅಂತ ಬೇರೆಯವರ ಕುದುರೆಗೆ ಬೆಲ್ಲ, ಕ್ಯಾರೆಟ್ ಕೊಡಬೇಡಿ, ಸವಾರರನ್ನು ಕೇಳಿ.