ಮತ್ತಿನಲ್ಲಿದ್ದಾಗ ಪ್ರಜ್ಞೆ ಇರುತ್ತದೆಯೇ?
ಗಾಢ ನಿದ್ದೆಯಲ್ಲಿ, ಆಪರೇಷನ್ನಿನ ಮತ್ತಿನಲ್ಲಿ ಪ್ರಜ್ಞೆ ಇರುತ್ತದೋ ಇಲ್ಲವೋ, ವಿಜ್ಞಾನ ಏನನ್ನುತ್ತದೆ, ನಮ್ಮ ದರ್ಶನಗಳು ಏನನ್ನುತ್ತವೆ ಎಂದು ಕೇಳಿದ್ದೀರಿ. ನಾನು ಬಳ್ಳಾರಿಯ ಆಸ್ಪತ್ರೆಯೊಂದರ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಅನಸ್ತೇಷಿಯಾ ಟೆಕ್ನಿಷಿಯನ್, ಅಂದರೆ ಮತ್ತು ಕೊಡುವ ಡಾಕ್ಟರಿಗೆ ನೆರವಾಗುವವ. ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ.

ಪ್ರೊಪೊಫಾಲ್ ಹಾಲಿನಷ್ಟು ಬೆಳ್ಳಗಿರುವ, ಮತ್ತು ಬರಿಸುವ ಔಷಧ. ಡಾಕ್ಟರು ಅದನ್ನು ರಕ್ತನಾಳಕ್ಕೆ ಬಿಡುತ್ತಿದ್ದಂತೆ "ಕೈ ಉರಿತೈತ್ರೀ" ಅನ್ನುವ ರೋಗಿಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ರೆಪ್ಪೆಗೂದಲು ಸವರಿದರೂ ಕಣ್ಣು ಮಿಟುಕುವುದಿಲ್ಲ. ಸಿರುಗುಪ್ಪ ಕಡೆಯ ಹಿರಿಯರೊಬ್ಬರು ಆಪರೇಷನ್ ಪೂರಾ ಮುಗಿದು ಎಚ್ಚರಾದ ಮೇಲೆ "ಇನ್ನೂ ಯಾಕ ಸುರು ಮಾಡವಲ್ರಿ?" ಎಂದು ಕೇಳಿದ್ದರು.

ಹಾಗಂತ ಅಷ್ಟು ಹೊತ್ತು ಅವರಿಗೆ ಪ್ರಜ್ಞೆಯೇ ಇರಲಿಲ್ಲ ಎಂದುಬಿಡಬಹುದೇ? ನಮ್ಮ ದಾರ್ಶನಿಕರು ಶತಮಾನಗಳಿಂದ ಜಗಳವಾಡಿರುವುದು ಇಲ್ಲೇ. ಎದ್ದವನು "ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ" ಎನ್ನುತ್ತಾನಲ್ಲ, ಅದು ನೆನಪು, ಅನುಭವವಿಲ್ಲದೆ ನೆನಪಿಲ್ಲ, ಆದ್ದರಿಂದ ಸುಷುಪ್ತಿಯಲ್ಲೂ (ಕನಸಿಲ್ಲದ ಗಾಢ ನಿದ್ದೆಯಲ್ಲೂ) ಸಾಕ್ಷಿ, ಅಂದರೆ ಎಲ್ಲವನ್ನೂ ಸುಮ್ಮನೆ ನೋಡುತ್ತಿರುವ ಅರಿವು, ಇತ್ತು ಎನ್ನುತ್ತಾರೆ ಶಂಕರರ ಪಂಥದ ಅದ್ವೈತಿಗಳು. ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು, ನೈಯಾಯಿಕರು, ಒಪ್ಪುವುದಿಲ್ಲ. ಅದು ಎದ್ದ ಮೇಲೆ ಊಹಿಸಿಕೊಂಡದ್ದು, ನೆನಪಲ್ಲ ಎನ್ನುವುದು ಅವರ ಪಟ್ಟು.

ಈಗ ಓಟಿಗೆ ಬನ್ನಿ. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಒಂದು ಉಪಾಯ ಬಳಸಿದರು. ಸ್ನಾಯು ಸಡಿಲಿಸುವ ಔಷಧ ಕೊಡುವ ಮೊದಲು ಒಂದು ತೋಳಿಗೆ ಬಿಪಿ ಪಟ್ಟಿ ಕಟ್ಟಿ ಬಿಗಿದರೆ ಆ ಔಷಧ ಆ ಕೈಗೆ ಇಳಿಯುವುದಿಲ್ಲ. ಮೈಯೆಲ್ಲ ನಿಶ್ಚಲವಾಗಿದ್ದರೂ ಆ ಕೈ ಆಡಬಲ್ಲದು. ಆಗ "ನನ್ನ ಕೈ ಒತ್ತಿ" ಎಂದರೆ ಕೆಲವರು ಒತ್ತುತ್ತಾರೆ! ಎದ್ದ ಮೇಲೆ ಕೇಳಿದರೆ ಅವರಲ್ಲಿ ಬಹುಪಾಲು ಜನರಿಗೆ ಏನೂ ನೆನಪಿರುವುದಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 260 ಜನರ ಪೈಕಿ 12 ಮಂದಿ ಹೀಗೆ ಉತ್ತರಿಸಿದ್ದರು. ಬ್ರಿಟನ್ನಿನ 2014ರ ವರದಿಯಲ್ಲಿ, ನಡುವೆ ಎಚ್ಚರವಾಗಿತ್ತು ಎಂದು ತಾವಾಗಿ ಹೇಳಿದವರು ಸುಮಾರು 19,000ಕ್ಕೆ ಒಬ್ಬರು. ಎರಡು ಲೆಕ್ಕಗಳ ನಡುವಿನ ಅಂತರ ನೋಡಿ. ನೆನಪಿಲ್ಲ ಎಂದ ಮಾತ್ರಕ್ಕೆ ಅನುಭವವೇ ಇರಲಿಲ್ಲ ಎನ್ನಲು ಬರುವುದಿಲ್ಲ. ಆದರೆ ಇದರಿಂದ ಅದ್ವೈತಿಗಳ ಸಾಕ್ಷಿ ಸಿದ್ಧವಾಯಿತು ಎಂದು ಹಿಗ್ಗುವುದೂ ತಪ್ಪು. ಕೈ ಒತ್ತಿದವರು ಎಚ್ಚರದ ಅಂಚಿನಲ್ಲಿದ್ದವರು, ಸುಷುಪ್ತಿಯಲ್ಲಿದ್ದವರಲ್ಲ.

ಅನಸ್ತೇಷಿಯಾದ ಮತ್ತು ಏರಿದಾಗ ಮೆದುಳಿನ ಭಾಗಗಳ ನಡುವಿನ ಮಾತುಕತೆ ಕಡಿಯುತ್ತದೆ ಎನ್ನುವುದು ವಿಜ್ಞಾನದ ಗಟ್ಟಿ ತಿಳಿವಳಿಕೆ. ಪ್ರಜ್ಞೆ ಹೇಗೆ ಮೂಡುತ್ತದೆಂದು ವಿವರಿಸುವ ವಿಜ್ಞಾನಿಗಳಾದ ಬಾರ್ಸ್, ಟೊನೋನಿ ಇಬ್ಬರ ಸಿದ್ಧಾಂತಗಳಿಗೂ ಇದು ಹೊಂದುತ್ತದೆ. ಆದರೆ ಆ ಮಾತುಕತೆ ನೋವಾಗಿ, ಬಣ್ಣವಾಗಿ ಒಳಗೆ ಅನುಭವಕ್ಕೆ ಬರುವುದೇಕೆ? 1995ರಲ್ಲಿ ತತ್ವಜ್ಞಾನಿ ಚಾಮರ್ಸ್ ಇದನ್ನೇ 'ಕಠಿಣ ಸಮಸ್ಯೆ' ಎಂದರು. ಇಪ್ಪತ್ತೈದು ವರ್ಷದೊಳಗೆ ಪ್ರಜ್ಞೆಗೆ ಮೆದುಳಿನಲ್ಲಿರುವ ಮೂಲ ಸ್ಪಷ್ಟವಾಗಿ ಸಿಗುತ್ತದೆಂದು 1998ರಲ್ಲಿ ಅವರೊಡನೆ ಪಣ ಕಟ್ಟಿದ್ದ ನರವಿಜ್ಞಾನಿ ಕಾಖ್, 2023ರಲ್ಲಿ ಸೋಲೊಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು.

ಇದನ್ನೆಲ್ಲ ಓದಿ ಆಪರೇಷನ್ನಿಗೆ ಹೆದರಬೇಡಿ. ಹಿಂದೆಂದಾದರೂ ನಡುವೆ ಎಚ್ಚರವಾಗಿದ್ದರೆ, ಕುಡಿಯುವ ಅಭ್ಯಾಸವಿದ್ದರೆ, ಅನಸ್ತೇಷಿಯಾ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಔಷಧದ ಅಳತೆಗೆ ಅದು ಬೇಕು. ನಾನಂತೂ ಮತ್ತು ಬಂದವರ ತಲೆಯ ಹತ್ತಿರ ನಿಂತು ಅವರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ, ಬೇರೆಯವರು ಆಡಿದರೂ ತಡೆಯುತ್ತೇನೆ.