ಅತ್ತೆಯ ಡ್ರಮ್ಮು, ಅಪ್ಪನ ಸೂಟ್‌ಕೇಸು

ಈ ಸಲ ಮೂರೇ ಪತ್ರ ತಗೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಬರೆಯುತ್ತಾ ಅಜ್ಜಿಯ ಊರು ನೆನಪಾಯಿತು, ಕೈ ನಿಲ್ಲಲಿಲ್ಲ. ಉದ್ದವಾಗಿದ್ದರೆ ಬೈಯಬೇಡಿ.

ಪ್ರಶ್ನೆ: ನನಗೆ 34 ವರ್ಷ, ಬೆಳಗಾವಿಯಲ್ಲಿದ್ದೇವೆ. ನಾನೂ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಬ್ಬಳು ಮಗಳು. ಸಾಲ ಅಂತ ಹೇಳುವಂಥದ್ದು ಏನೂ ಇಲ್ಲ. ಎರಡು ವರ್ಷದಿಂದ ಅತ್ತೆ ನಮ್ಮ ಜೊತೆಗಿದ್ದಾರೆ. ಅವರಿಗೆ 65, ವಿಜಯಪುರ ಕಡೆಯ ಹಳ್ಳಿಯವರು. ನಮ್ಮ ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತದೆ. ಆದರೂ ಬಾಲ್ಕನಿಯಲ್ಲಿ ಎರಡು ನೀಲಿ ಡ್ರಮ್ಮು, ಅಡುಗೆಮನೆಯಲ್ಲಿ ನಾಲ್ಕು ಕೊಡ, ಬಚ್ಚಲಲ್ಲಿ ಹಂಡೆ, ಎಲ್ಲವೂ ತುಂಬಿರಬೇಕು. ಮಂಚದ ಕೆಳಗೆ ಜೋಳದ ಚೀಲ. ಕಾರು ತಗೊಳ್ಳೋಣ, ರಜೆಗೆ ಗೋವಾಕ್ಕೆ ಹೋಗಿ ಬರೋಣ ಅಂದರೆ ಯಜಮಾನರೂ ಅಮ್ಮನ ರಾಗವನ್ನೇ ಹಾಡುತ್ತಾರೆ. ‘ನಾಳೆ ಹೆಂಗೋ ಏನೋ’ ಅಂತ. ನನ್ನ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು, ಅದನ್ನೂ ‘ಈಗ ನೋವು ಕಡಿಮೆ ಆಗಿದೆಯಲ್ಲ’ ಅಂತ ಮುಂದೆ ಹಾಕಿದ್ದಾಯಿತು. ನನ್ನ ಅಪ್ಪ ಹೀಗೇ ಇದ್ದರು. ರಿಟೈರ್ ಆದ ಮೇಲೆ ಅಮ್ಮನನ್ನು ಕಾಶಿಗೆ ಕರಕೊಂಡು ಹೋಗ್ತೀನಿ ಅಂತ ಇಪ್ಪತ್ತು ವರ್ಷ ಹೇಳಿದರು. ಸೂಟ್‌ಕೇಸ್ ಕೂಡ ತಂದಿಟ್ಟರು. ರಿಟೈರ್ ಆಗಿ ನಾಲ್ಕೇ ತಿಂಗಳಿಗೆ ಹೋಗಿಬಿಟ್ಟರು. ಆ ಸೂಟ್‌ಕೇಸಿನ ಹಿಡಿಕೆಗೆ ಕಟ್ಟಿದ ಬೆಲೆಚೀಟಿಯನ್ನು ಅಮ್ಮ ಇನ್ನೂ ಕಿತ್ತಿಲ್ಲ. ಇರುವಾಗಲೇ ಬದುಕಬೇಕು ಅನ್ನೋದನ್ನ ಇವರಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ಮೊದಲು ಹಲ್ಲು. ಈ ವಾರವೇ ಹೋಗಿ. ಹುಳುಕು ಒಳಗಿನ ನರದವರೆಗೆ ಹೋಗಿದ್ದು, ಆಮೇಲೆ ನೋವು ತಾನಾಗಿ ಕಡಿಮೆಯಾದರೆ ವಾಸಿ ಆಯಿತು ಅಂತ ತಿಳಿಯಬೇಡಿ. ನರ ಸತ್ತಿರಬಹುದು, ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತಿರಬಹುದು. ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ನೀವೂ ದುಡಿಯುತ್ತೀರಿ ಅಲ್ವಾ?

ಇನ್ನು ಅತ್ತೆಯ ಡ್ರಮ್ಮು. ಅವರಿಗೆ ಈಗ 65 ಅಂದರೆ 1972ರಲ್ಲಿ ಹನ್ನೆರಡರ ಹುಡುಗಿ. ಆ ವರ್ಷ ಬಿಜಾಪುರ ಜಿಲ್ಲೆಯಲ್ಲಿ ಬಿದ್ದ ಬರದ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ದನಿ ತಗ್ಗಿಸಿಯೇ ಆಡುತ್ತಾರೆ. (ಬಾಗಲಕೋಟೆಯೂ ಆಗ ಅದೇ ಜಿಲ್ಲೆ, ಬೇರೆಯಾಗಿದ್ದು 1997ರಲ್ಲಿ.) ಮಕ್ಕಳೂ ಬರಗಾಲದ ಕಾಮಗಾರಿಗೆ ಹೋಗಿ ಬುಟ್ಟಿ ಮಣ್ಣು ಹೊತ್ತ ಕಾಲ ಅದು. ನಿಮ್ಮತ್ತೆ ಹೊತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ ಅಂತ ನನ್ನ ಊಹೆ, ಯಾಕಂದ್ರೆ ಇಷ್ಟುದ್ದದ ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಕೇಳಿ ನೋಡಿ. ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ಅಡಕೆ ಎಲೆ ಮುಂದಿಟ್ಟುಕೊಂಡು ಕೂತಾಗ, ‘ಅತ್ತಿ, ನೀವು ಸಣ್ಣಾಕಿ ಇದ್ದಾಗ ನೀರು ಎಲ್ಲಿಂದ ತರ್ತಿದ್ರಿ?’ ಅಂತ ಒಂದೇ ಪ್ರಶ್ನೆ ಹಾಕಿ. ಆಮೇಲೆ ಸುಮ್ನೆ ಕೂತುಬಿಡಿ.

ನನ್ನ ಅಜ್ಜಿಯ ಊರು ಡೋಣಿ ನದಿಯ ದಂಡೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನುತ್ತಾರಲ್ಲ, ಅಲ್ಲಿಯದು. ಆ ಮಾತಿನಲ್ಲಿ ‘ಬೆಳೆದರೆ’ ಅನ್ನೋದು ಎಷ್ಟು ಭಾರ ಅಂತ ನನಗೆ ಗೊತ್ತಾಗಿದ್ದು ಅಜ್ಜಿ ಹಗೇವು ತೆಗೆಸುವಾಗ. ಹಗೇವು ನೋಡಿರದವರಿಗೆ ಹೇಳುತ್ತೇನೆ. ಅದು ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟೇ, ಒಳಗೆ ಮಾತ್ರ ಗಡಿಗೆಯ ಹಾಗೆ ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು, ಹೊಟ್ಟು ಒತ್ತಿ, ನಡುವೆ ಜೋಳ ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ, ಕಲ್ಲಿನ ಮೇಲೆ ಮಣ್ಣು ಮೆತ್ತುತ್ತಾರೆ. ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ಇರುತ್ತದೆ. ಅಜ್ಜಿ ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡಿಸುತ್ತಿದ್ದಳು. ದೀಪ ಆರಿದರೆ ‘ಇನ್ನೊಂದೀಟು ನಿಂದ್ರು’ ಅನ್ನುವಳು. ಉರಿಯುತ್ತಿದ್ದರೆ ಆಳು ಇಳಿಯುವನು. ಮೊದಲ ಬುಟ್ಟಿ ಮೇಲೆ ಬಂದಾಗ ಒಂಥರಾ ಹುಳಿ ವಾಸನೆ. ನಮಗೆ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಅಜ್ಜಿ ಬೊಗಸೆ ತುಂಬ ಜೋಳ ಎತ್ತಿ ಮುಖಕ್ಕೆ ಹಿಡಿದು ಮೂಸುತ್ತಿದ್ದಳು. ಅವಳಿಗೆ ಚೆನ್ನಾಗಿ ಬಾಳುವುದು ಅಂದರೆ ಆ ವಾಸನೆಯೇ.

ಬಾಲ್ಕನಿಯ ನೀಲಿ ಡ್ರಮ್ಮು ನಿಮ್ಮತ್ತೆಯ ಹಗೇವು. ನಲ್ಲಿಯಲ್ಲಿ ನೀರು ಬರುತ್ತದೆ ಅನ್ನೋದು ಅವರಿಗೂ ಕಾಣುತ್ತದೆ. ನಾಳೆಯೂ ಬರುತ್ತದೆ ಅಂತ ನಂಬಿಸುವ ಒಂದು ವರ್ಷ ಅವರ ಬಾಲ್ಯದಲ್ಲಿ ಸಿಗಲಿಲ್ಲ, ಅಷ್ಟೇ. ಮತ್ತೆ ಗೋವಾ! ನಿಮಗೆ ಗೋವಾ ಅಂದರೆ ಸಮುದ್ರ, ಚೋರ್ಲಾ ಘಾಟಿನ ಮಳೆ. ವಿಜಯಪುರದ ಹಳ್ಳಿಗಳಲ್ಲಿ ‘ಗೋವಾಕ್ಕೆ ಹೋದ್ರು’ ಅಂದರೆ ಗುಳೆ ಹೋದರು ಅಂತ. ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಕಟ್ಟಡದ ಕೆಲಸಕ್ಕೆ ಹೋಗೋದು. ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ಬರೋಣ ಅಂದರೆ ಅವರ ಕಿವಿಗೆ ಹೇಗೆ ಕೇಳಿಸಬೇಡ?

ಈಗ ಸ್ವಲ್ಪ ಖಾರ. ನೀವು ಬರೆದದ್ದರಲ್ಲಿ ಅತ್ತೆ ಹಳೇ ಕಾಲದಲ್ಲಿ ಸಿಕ್ಕಿಬಿದ್ದಿದ್ದಾರೆ, ನೀವು ಈ ಕಾಲದಲ್ಲಿ ಇದ್ದೀರಿ ಅನ್ನೋ ಧಾಟಿ ಇದೆ. ಹಾಗೇನಿಲ್ಲ. ನೀವು ಅಪ್ಪ ತೀರಿಕೊಂಡ ವರ್ಷದಲ್ಲಿ ನಿಂತಿದ್ದೀರಿ. ಅವರು 1972ರಲ್ಲಿ. ಇಬ್ಬರೂ ತಮಗೆ ಪೆಟ್ಟು ಬಿದ್ದ ಜಾಗದಿಂದಲೇ ಬದುಕು ಅಂದರೆ ಏನು ಅಂತ ಕಲಿತವರು. ಒಬ್ಬರು ಕೂಡಿಡದೆ ಕೆಟ್ಟದ್ದನ್ನು ನೋಡಿದರು, ಇನ್ನೊಬ್ಬರು ಕೂಡಿಟ್ಟು ಕೆಟ್ಟದ್ದನ್ನು ನೋಡಿದರು. ನಿಮ್ಮ ಯಜಮಾನರ ಮೇಲೆ ಮಾತ್ರ ನನಗೆ ಸ್ವಲ್ಪ ಸಿಟ್ಟಿದೆ. ಅವರದು ಎರಡೂ ಅಲ್ಲ. ಬರ ಅವರು ಕಂಡಿಲ್ಲ, ಅಮ್ಮನ ಭಯವನ್ನು ಹಾಗೇ ಎತ್ತಿಕೊಂಡಿದ್ದಾರೆ, ಲೆಕ್ಕ ಹಾಕಿ ನೋಡಿಲ್ಲ. ಹೆಂಡತಿಯ ಹಲ್ಲನ್ನು ಮುಂದೂಡುವುದು ಯಾವ ಬರಕ್ಕೂ ತಯಾರಿ ಅಲ್ಲ.

ಆ ಲೆಕ್ಕ ನೀವೇ ಹಾಕಿಸಿ. ಮನೆ ಆರು ತಿಂಗಳು ನಡೆಯೋಕೆ ಎಷ್ಟು ಬೇಕು? ಬಾಡಿಗೆ ಅಥವಾ ಮೇಂಟೆನೆನ್ಸು, ಮಗಳ ಫೀಸು, ಅತ್ತೆಯ ಔಷಧಿ, ದಿನಸಿ, ಎಲ್ಲ ಸೇರಿಸಿ. ಅಷ್ಟನ್ನು ಬೇರೆ ಖಾತೆಯಲ್ಲಿಟ್ಟು ಅದರ ಪಾಸ್‌ಬುಕ್ಕನ್ನು ಅತ್ತೆಯ ಕೈಗೇ ಕೊಡಿ. ಹಗೇವು ಅಂತಲೇ ಹೇಳಿ ಕೊಡಿ, ಅವರಿಗೆ ಅರ್ಥವಾಗುತ್ತದೆ. ಅದು ತುಂಬಿದ ಮೇಲೆ ಉಳಿದದ್ದಕ್ಕೆ ಕಾರೋ ಪ್ರವಾಸವೋ, ಯಾರೂ ತಕರಾರು ಮಾಡಬಾರದು. ಹಳ್ಳಿಯಲ್ಲೂ ಹಗೇವು ತುಂಬಿದವರು ಮನೆಯಲ್ಲೇ ಕೂರುತ್ತಿರಲಿಲ್ಲ, ಬಂಡಿ ಕಟ್ಟಿಕೊಂಡು ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರು.

ಡ್ರಮ್ಮು ಇರಲಿ ಬಿಡಿ. ಒಂದು ಸಾಕು, ಎರಡು ಬೇಡ ಅಂತ ಚೌಕಾಸಿ ಮಾಡಿ. ಮುಚ್ಚಳ ಬಿಗಿಯಾಗಿರಲಿ, ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ನೀರಿನ ಅಂಚಿಗೇ. ಮೊಟ್ಟೆ ಸೊಳ್ಳೆಯಾಗಿ ಹಾರೋಕೆ ಒಂದು ವಾರ, ಹತ್ತು ದಿನ ಸಾಕು. ಮೊಮ್ಮಗಳ ಹೆಸರು ಹೇಳಿದರೆ ಅತ್ತೆ ತಾವೇ ತಿಕ್ಕುತ್ತಾರೆ.

ಕಾರು ಬಂದ ಮೇಲೆ ಮೊದಲ ಸವಾರಿ ಗೋವಾಕ್ಕೆ ಬೇಡ. ಆಗಸ್ಟ್ ಕೊನೆಗೆ ಒಂದು ದಿನ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಿಡಕಲ್‌ಗೆ ಹೋಗಿ. ಬೆಳಗಾವಿಯ ನಲ್ಲಿಗೆ ರಕ್ಕಸಕೊಪ್ಪದಿಂದಲೂ ಅಲ್ಲಿಂದಲೂ ನೀರು ಬರುತ್ತದೆ. ತುಂಬಿದಾಗ 51 ಟಿಎಂಸಿ ನಿಲ್ಲುವ ಜಲಾಶಯ. ದಂಡೆಯ ಮೇಲೆ ನಿಲ್ಲಿಸಿ, ‘ಅತ್ತಿ, ನಮ್ಮ ಡ್ರಮ್ಮು ಇದು’ ಅನ್ನಿ.

ಕಾಶಿಯ ಸೂಟ್‌ಕೇಸಿನ ಬಗ್ಗೆ ನಾನು ಏನೂ ಹೇಳಲ್ಲ. ಅಮ್ಮನನ್ನು ಕೇಳಿ. ಹೋಗುವ ಮನಸ್ಸಿದ್ದರೆ ಬೆಲೆಚೀಟಿ ಅವರೇ ಕೀಳಲಿ.

ಪ್ರಶ್ನೆ: ನಾನು ವಿಜಯಪುರದ ಡಿಗ್ರಿ ಹುಡುಗ. ನಮ್ಮ ಮನೆ ಗೋಡೆಯ ಮೇಲೆ ಸಿದ್ಧೇಶ್ವರ ಸ್ವಾಮೀಜಿಯವರ ಫೋಟೋ ಇದೆ. ಜೇಬಿಲ್ಲದ ಅಂಗಿ ಅಂತ ಅಪ್ಪ ದಿನಾ ಕೈ ಮುಗಿಯುತ್ತಾರೆ, ಅದೇ ಫೋಟೋದ ಕೆಳಗೆ ಕೂತು ಸೈಟಿನ ರೇಟು ಮಾತಾಡುತ್ತಾರೆ. ಇದು ಇಬ್ಬಂದಿತನ ಅಲ್ವಾ?

ಉತ್ತರ: ಅಲ್ಲ. ಸ್ವಾಮೀಜಿ ಜೇಬು ಬೇಡ ಅಂದರು, 2018ರಲ್ಲಿ ಪದ್ಮಶ್ರೀಯನ್ನೂ ಬೇಡ ಅಂದರು, ತಮ್ಮ ನಂತರ ಸ್ಮಾರಕ ಕಟ್ಟಬೇಡಿ ಅಂತ 2014ರಲ್ಲೇ ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದರು. ಅವರಿಗೆ ಕಾಲೇಜು ಫೀಸು ಕಟ್ಟಬೇಕಾದ ಮಗ ಇರಲಿಲ್ಲ. ನಿಮ್ಮಪ್ಪನಿಗೆ ಇದ್ದಾನೆ. ಆ ಫೀಸು ಬಂದದ್ದು ಜೇಬಿನಿಂದಲೇ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತವರಿಗೆ ಸೈಟು ಅಂದರೆ ದುರಾಸೆ ಆಗಿರಲ್ಲ, ನಿಮ್ಮ ಅಪ್ಪ ಎಷ್ಟು ಮನೆ ಬದಲಿಸಿದ್ದರು ಅಂತ ಅಮ್ಮನನ್ನು ಕೇಳಿ ನೋಡಿ. ಮೂರನೇ ಸೈಟಿನ ರೇಟು ಕೇಳತೊಡಗಿದರೆ ಆಗ ಮತ್ತೆ ನನಗೆ ಬರೆಯಿರಿ.

ಪ್ರಶ್ನೆ: ನಮ್ಮದು ಬೀಳಗಿ ತಾಲೂಕಿನ ನದಿ ದಂಡೆಯ ಊರು. ಆಲಮಟ್ಟಿಯ ನೀರಿನ ಮಟ್ಟ ಏರಿಸಿದರೆ ನಮ್ಮ ಮನೆ ಹೋಗುತ್ತದೆ. ಅಡುಗೆಮನೆಗೆ ಟೈಲ್ಸ್ ಹಾಕಿಸಿ, ಗೋಡೆಗೆ ಸುಣ್ಣ ಹೊಡೆಸಿ, ಮಂಡಿ ನೋವಿರುವ ಅವ್ವನಿಗೆ ಕೂರುವ ಕಮೋಡ್ ಮಾಡಿಸೋಣ ಅಂದರೆ ಅಪ್ಪ ‘ಮುಳುಗೋ ಮನಿಗೆ ರೊಕ್ಕ ಸುರೀತಿಯೇನಲೇ’ ಅನ್ನುತ್ತಾರೆ. ನಾನು ಹುಟ್ಟಿದಾಗಿಂದ ಇದೇ ಮಾತು.

ಉತ್ತರ: ಈ ಮಾತು ನನಗೆ ಚೆನ್ನಾಗಿ ಗೊತ್ತು. ನಾನು ಹಳೇ ಬಾಗಲಕೋಟೆಯವನು. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ನೀರು ನಮ್ಮ ಓಣಿಗೆ ಬರೋ ಹೊತ್ತಿಗೆ ಮೂರು ದಶಕ ದಾಟಿತ್ತು. ಅಷ್ಟೂ ದಿನ ನಮ್ಮ ಮಾಳಿಗೆ ಸೋರುತ್ತಿತ್ತು. ಅವ್ವ ಹನಿ ಬೀಳುವಲ್ಲೆಲ್ಲ ಬೋಗುಣಿ ಇಡುತ್ತಿದ್ದಳು. ರಾತ್ರಿ ಮಳೆ ಬಂದರೆ ಆ ಟಣ್ ಟಣ್ ಸದ್ದಿನಲ್ಲೇ ನಿದ್ದೆ. ಅಪ್ಪ ಒಂದು ಬುಟ್ಟಿ ಮಣ್ಣು ಹಾಕಿಸಲಿಲ್ಲ. ‘ಹೆಂಗೂ ಮುಳುಗೂದು, ಬಿಡು.’ ಅಕ್ಕನ ಮದುವೆ ಆ ಮನೆಯಲ್ಲೇ ಆಯಿತು. ಗೋಡೆಯ ಸುಣ್ಣ ಎದ್ದುಹೋಗಿತ್ತು ಅಂತ ಫೋಟೋ ತೆಗೆಯುವಾಗ ಹಿಂದೆ ಜಮಖಾನೆ ಹಿಡಿದಿದ್ದರು. ಇಬ್ಬರು ಸೋದರಮಾವಂದಿರು ಎರಡು ತುದಿ ಹಿಡಿದು ನಿಂತಿದ್ದಾರೆ, ಫೋಟೋದಲ್ಲಿ ಅವರ ಬೆರಳು ಮಾತ್ರ ಬಂದಿದೆ.

ಇನ್ನೂ ವಿಚಿತ್ರ ಕೇಳಿ. ಮುಳುಗಡೆಯಾದವರಿಗೆ ಕಟ್ಟಿದ ನವನಗರಕ್ಕೆ ಬಂದು ಹೊಸ ಮನೆ ಕಟ್ಟಿಸಿದ ಮೇಲೂ ಅಪ್ಪ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡಲಿಲ್ಲ. ಕ್ಯಾಲೆಂಡರನ್ನು ಕಿಟಕಿ ಸರಳಿಗೆ ದಾರದಿಂದ ಕಟ್ಟಿದ್ದರು. ಇಲ್ಲಿ ಯಾವ ನೀರೂ ಬರಲ್ಲ ಅಂತ ಅವರಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಇದರ ಪರಿಣಾಮ ನನ್ನ ಮೇಲೆ ಉಲ್ಟಾ ಆಗಿದೆ. ಗೋಡೆಯಲ್ಲಿ ಒಂದು ಬಿರುಕು ಕಂಡರೆ ಪೇಂಟರಿಗೆ ಫೋನ್ ಮಾಡುತ್ತೇನೆ. ಹೆಂಡತಿ ನಗುತ್ತಾಳೆ.

ನಿಮ್ಮ ವಿಷಯಕ್ಕೆ ಬರೋಣ. ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿತು. ಅಂದರೆ ಹದಿನೈದು ಅಡಿ ನೀರಿಗಾಗಿ ಇಷ್ಟು ವರ್ಷ ಕಾದಿದ್ದೀರಿ. ಅವ್ವನ ಮಂಡಿ ಆ ನೀರಿಗೆ ಕಾಯಲ್ಲ. ನಿಮ್ಮ ಮನೆಯ ನಂಬರಿಗೆ ಭೂಸ್ವಾಧೀನದ ನೋಟಿಸ್ ಆಗಿದೆಯೋ ಇಲ್ಲವೋ, ಆಗಿದ್ದರೆ ಹೊಸದಾಗಿ ಕಟ್ಟಿಸಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ನವನಗರದ ಪುನರ್ವಸತಿ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಮನೆಯ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಟೈಲ್ಸಿನಲ್ಲಿ ಅಪ್ಪನ ಮಾತು ಸರಿ, ಅದು ಬೇಡ. ಒಲೆಕಟ್ಟೆಗೆ ಒಂದು ಕಡಪಾ ಕಲ್ಲು ಹಾಸಿ, ಹೋಗುವಾಗ ಎತ್ತಿಕೊಂಡು ಹೋಗಬಹುದು. ಕಮೋಡ್ ಈ ತಿಂಗಳೇ ಕೂರಿಸಿ.

ಸುಣ್ಣಕ್ಕೆ ಅಪ್ಪನನ್ನು ಕೇಳಲೇಬೇಡಿ. ಅವರು ಸಂತೆಗೆ ಹೋದ ದಿನ ಹೊಡೆದುಬಿಡಿ.