ಅರ್ಧ ಗಂಟೆಯಲ್ಲಿ ತವಾ ಮೀನು: ಬಾಗಲಕೋಟೆಯ ಅಕ್ಕನಿಗೆ ಉತ್ತರ

ಅಕ್ಕಾ, ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆಯಲ್ಲಿ, ಕಡಿಮೆ ಎಣ್ಣೆಯಲ್ಲಿ ನಾಲ್ಕು ಜನರಿಗೆ ಮೀನು ಮಾಡುವುದು ಹೇಗೆ, ಮಸಾಲೆ ಹಚ್ಚಿ ಬೆಳಗ್ಗೆಯೇ ಇಡಬಹುದಾ ಅಂತ ಕೇಳಿದ್ದೀರಿ.

ನಿಂಬೆರಸ ಹಾಕಿ ಬೆಳಗ್ಗೆಯಿಂದ ಇಡಬೇಡಿ. ಹುಳಿ ಜಾಸ್ತಿ ಹೊತ್ತು ತಾಗಿದರೆ ಮೀನು ಮೆತ್ತಗಾಗಿ ತವಾ ಮೇಲೆ ಪುಡಿಯಾಗುತ್ತದೆ. 15-20 ನಿಮಿಷ ಸಾಕು. ಬೆಳಗ್ಗೆ ಬೇಕಿದ್ದರೆ ಅರಿಶಿನ, ಬೆಳ್ಳುಳ್ಳಿ, ಖಾರದ ಪುಡಿ ಕಲಸಿ ಫ್ರಿಜ್‌ನಲ್ಲಿಡಿ. ಸಂಜೆ ಉಪ್ಪು, ನಿಂಬೆರಸ ಸೇರಿಸಿ ಮೀನಿಗೆ ಹಚ್ಚಿದರಾಯಿತು.

ನಮ್ಮ ಕಡೆ ಆಲಮಟ್ಟಿ ಹಿನ್ನೀರು ಹತ್ತಿರವೇ ಇದೆ, ಹೊಳೆ ಮೀನೇ ತನ್ನಿ. 600 ಗ್ರಾಂ ಸಾಕು. ಮಕ್ಕಳಿದ್ದಾರಲ್ವಾ, ರೋಹುವಿಗಿಂತ ಜಿಲೇಬಿ ಮೀನು (ತಿಲಾಪಿಯಾ) ಒಳ್ಳೆಯದು. ರೋಹು, ಕಾಟ್ಲಾದಲ್ಲಿ ಮಾಂಸದ ನಡುವೆ ಸಣ್ಣ ಮುಳ್ಳುಗಳಿರುತ್ತವೆ. ಅದನ್ನೇ ತಂದರೆ ಹೊಟ್ಟೆ ಭಾಗದ ಹೋಳು ಮಕ್ಕಳಿಗೆ ಕೊಡಿ, ಅಲ್ಲಿ ದೊಡ್ಡ ಮುಳ್ಳೇ ಇರುವುದರಿಂದ ಬಿಡಿಸುವುದು ಸುಲಭ. ಆದರೂ ಕೈಯಿಂದ ಮುಟ್ಟಿ ನೋಡಿಯೇ ಕೊಡಿ.

ಹೋಳು ತೊಳೆದ ಮೇಲೆ ನೀರು ಪೂರ್ತಿ ಒರೆಸಿ. ಇದನ್ನು ಬಿಟ್ಟರೆ ಮಸಾಲೆ ನಿಲ್ಲುವುದಿಲ್ಲ, ತವಾಕ್ಕೂ ಅಂಟುತ್ತದೆ. ಮೇಲೆ ಸ್ವಲ್ಪ ಜೋಳದ ಹಿಟ್ಟು ಉದುರಿಸಿ. ತವಾ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಶೇಂಗಾ ಎಣ್ಣೆ, ಮಧ್ಯಮ ಉರಿ, ಒಂದೊಂದು ಬದಿ ನಾಲ್ಕು ನಿಮಿಷ. ಸುಮ್ನೆ ಮತ್ತೆ ಮತ್ತೆ ತಿರುವಬೇಡಿ, ತಳ ಗಟ್ಟಿಯಾದರೆ ತಾನೇ ಬಿಡುತ್ತದೆ. ಮಾಂಸ ಬೆಳ್ಳಗಾಗಿ ಪದರ ಪದರ ಬಿಟ್ಟರೆ ಬೆಂದಿದೆ ಅಂತ ತಿಳಿಯಿರಿ.

ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಸವತಿಕಾಯಿ ಜೊತೆಗೆ ಬಡಿಸಿ. ಮಕ್ಕಳ ಮೀನಿನ ಹೋಳುಗಳಿಗೆ ಖಾರ ಕಡಿಮೆ ಮಾಡಿ ಮೊದಲೇ ಬೇಯಿಸಿಕೊಳ್ಳಿ ಅಕ್ಕಾ.